ಗಂಟೆ ಬಾರಿಸದ ವಿಮಾನ

ಹದಿನೆಂಟು ವರ್ಷ ಒಂದೇ ತಯಾರಕರ ವಿಮಾನ ಹಾರಿಸಿದ ಕ್ಯಾಪ್ಟನ್ ಅವಳು. ಏನಾದರೂ ಕೆಟ್ಟರೆ ಆ ವಿಮಾನ ದೀಪ ಹೊತ್ತಿಸಿ ಊರೆಲ್ಲ ಕೇಳುವಂತೆ ಕೂಗುತ್ತಿತ್ತು. ಮುಂದಿನ ದಾರಿಯನ್ನು ಪೈಲಟ್ಟೇ ಬಾಯಿಪಾಠದಿಂದಲೋ ಪುಸ್ತಕದಿಂದಲೋ ಹುಡುಕಬೇಕು. ಈಗ ಸಂಸ್ಥೆ ಬೇರೆಯವರ ವಿಮಾನ ಕೊಂಡಿತ್ತು. ಇದರಲ್ಲಿ ಪರದೆಯೇ ಕೆಟ್ಟದ್ದನ್ನು ಹೆಸರಿಸಿ, ಮಾಡಬೇಕಾದ್ದನ್ನು ಸಾಲಾಗಿ ಬರೆದು, ಮುಗಿದಂತೆಲ್ಲ ಅಳಿಸುತ್ತಿತ್ತು. ಆದರೆ ರನ್‌ವೇಯಲ್ಲಿ ಹಾರುವ ಮುನ್ನಿನ ಓಟದ ವೇಗ ಏರಿದ ಮೇಲೆ, ಸಾವಿರದೈನೂರು ಅಡಿ ತಲುಪುವವರೆಗೂ, ಸಣ್ಣಪುಟ್ಟ ದೂರುಗಳನ್ನು ಬಾಯಲ್ಲಿ ಕಡುಬು ಇಟ್ಟುಕೊಂಡಂತೆ ನುಂಗಿಕೊಳ್ಳುತ್ತಿತ್ತು. ಹಳೆಯದೂ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದದ್ದುಂಟು, ಇಷ್ಟು ಹೊತ್ತಲ್ಲ.

ಸಿಮ್ಯುಲೇಟರಿನ ಪರೀಕ್ಷೆಯ ದಿನ ಓಟದ ನಡುವೆ ಇಡೀ ಕೋಣೆ ನಡುಗಿತು. ಪರದೆ ಖಾಲಿ. ಅವಳ ಕೈ ತಾನಾಗಿಯೇ ಎಂಜಿನ್ ಹಿಡಿಕೆಗಳನ್ನು ಹಿಂದಕ್ಕೆಳೆಯಿತು. ರನ್‌ವೇಯ ಕೊನೆಯ ದೀಪಗಳು ಎದುರು ಬಂದು, ದಾಟಿ, ಎಲ್ಲ ಕೆಂಪಾಯಿತು.

"ಯಾಕೆ ನಿಲ್ಲಿಸಿದ್ರಿ?" ಎಂದ ತರಬೇತುದಾರ.

"ಏನೋ ಆಗಿತ್ತು. ಅದು ಹೇಳ್ಲಿಲ್ಲ."

"ಟೈರ್ ಒಡೆದಿತ್ತು ಅಷ್ಟೆ, ಹಾರಬಹುದಿತ್ತು. ಆ ವೇಗದಲ್ಲಿ ನಿಲ್ಸೋಕೆ ಹೋದ್ರೆ ರನ್‌ವೇ ಸಾಲಲ್ಲ, ಅದಕ್ಕೇ ಅದು ಸುಮ್ನಿರೋದು. ಬೆಂಕಿ ಬಿದ್ರೆ ಹೇಳೇ ಹೇಳುತ್ತೆ."

"ಹೇಳೋದಾ ಬಿಡೋದಾ ಅಂತ ತೀರ್ಮಾನ ಮಾಡೋಕೆ ಅದ್ಯಾರು?"

"ಅದನ್ನ ಕಟ್ಟಿದೋರು. ಒಬ್ಬೊಬ್ರದ್ದು ಒಂದೊಂದು ಲೆಕ್ಕಾಚಾರ. ಎಲ್ರೂ ಹೆಣ ನೋಡಿಯೇ ಕಲ್ತಿರೋದು."

ಅಂದು ಮನೆಯಲ್ಲಿ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿದ್ದ ಅಕ್ಕ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು.

"ನಮ್ಮಲ್ಲಿ ಎಲ್ಲಾ ಮೆಷಿನ್ನೂ ಕೂಗ್ತಾನೇ ಇರ್ತವೆ ಕಣೇ. ಹೋದ ವಾರ ನಿಜವಾದ್ದು ಕೂಗ್ದಾಗ ನಾನು ಗುಂಡಿ ಒತ್ತಿ ಬಾಯಿ ಮುಚ್ಚಿಸ್ಬಿಟ್ಟೆ. ರೋಗಿ ಉಳಿದ್ರು, ನನ್ನ ಪುಣ್ಯ."

ಅಕ್ಕ ಇದನ್ನು ಇನ್ನಾರಿಗೂ ಹೇಳಿಲ್ಲವೆಂಬುದು ಆ ದನಿಯಲ್ಲೇ ತಿಳಿಯುತ್ತಿತ್ತು.

ಎರಡನೆಯ ಪರೀಕ್ಷೆಯಲ್ಲಿ ಪಾಸಾದಳು. ತಿಂಗಳೊಪ್ಪತ್ತಿನಲ್ಲಿ, ನೂರನಲವತ್ತು ಜನರನ್ನು ಹೊತ್ತು ಓಡುತ್ತಿದ್ದಾಗ, ಅದೇ ನಡುಕ ನಿಜಕ್ಕೂ ಬಂತು. ಪರದೆ ತುಟಿಪಿಟಿಕ್ಕೆನ್ನಲಿಲ್ಲ. ಸಹಪೈಲಟ್ ಅವಳ ಮುಖ ನೋಡಿದ.

"ಹೋಗೋಣ," ಎಂದಳು. ಈ ಸಲ ಹಿಂದಕ್ಕೆಳೆಯದಂತೆ, ಹಿಡಿಕೆಗಳ ಮೇಲಿದ್ದ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಸಾವಿರದೈನೂರು ಅಡಿ ದಾಟಿದ್ದೇ ತಡ, ಗಂಟೆ ಬಾರಿಸಿತು, ಮೂರು ಸಾಲು ಮೂಡಿದವು. ಅವನು ಓದಿದ, ಅವಳು ಹೂಂಗುಟ್ಟಿದಳು, ಸಾಲುಗಳು ಒಂದೊಂದಾಗಿ ಅಳಿದವು. ಮುಕ್ಕಾಲು ಗಂಟೆ ಸುತ್ತಿ ಇಳಿದರು. ಯಾರ ಕೂದಲೂ ಕೊಂಕಲಿಲ್ಲ.

ಜನರೆಲ್ಲ ಇಳಿದ ಮೇಲೆ ಅವಳು ಹರಿದ ಟೈರಿನ ಬಳಿ ಕೂತಿದ್ದ ಮೆಕ್ಯಾನಿಕ್ಕನನ್ನು ಕೇಳಿದಳು: "ವಿಮಾನಕ್ಕೆ ಇದು ನೆಲದ ಮೇಲೇ ಗೊತ್ತಿತ್ತಾ?"

ಅವನು ಒಳಹೋಗಿ ದಾಖಲೆ ನೋಡಿ ಬಂದ. "ಗೊತ್ತಿತ್ತು ಮೇಡಂ. ನಿಮಗೆ ಹೇಳೋಕೆ ನಲವತ್ತೊಂದು ಸೆಕೆಂಡು ಮುಂಚೆ."

ಬದುಕಿಸಿದ್ದು ಆ ಮೌನವೇ ಎಂದು ಅವಳಿಗೆ ಗೊತ್ತು. ಆದರೂ ಸಿಟ್ಟು ಬಂತು. ಮರುದಿನದ ಸರದಿಗೆ ಸಹಿ ಹಾಕುವಾಗ ಪೆನ್ನು ಕಾಗದವನ್ನು ತೂತು ಮಾಡಿತು.