ಮಲಗುವ ಹೊತ್ತಿನ ಕ್ರೀಮು

"ಅವ್ವ, ಮುಖಕ್ಕ ಏನ್ ಮಾಡ್ಕೊಂಡಿ?" ಚಪ್ಪಲಿ ಬಿಡುವುದನ್ನೂ ಮರೆತು ಜ್ಯೋತಿ ಹೊಸ್ತಿಲಲ್ಲೇ ನಿಂತಳು.

ಓಬಮ್ಮ ಸೆರಗು ಮುಂದಕ್ಕೆಳೆದುಕೊಂಡಳು. ಕೆನ್ನೆ ಎರಡೂ ಕೆಂಪಗಾಗಿ, ಮೂಗಿನ ಪಕ್ಕ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು.

"ನೀ ಕೊಟ್ಟಿದ್ದ ಕ್ರೀಮು ಹಚ್ಚೀನಿ. ಹಳೇ ಚರ್ಮ ಹೋಗಿ ಹೊಸಾದು ಬರ್ತೈತಿ ಅಂದಿದ್ದಿ. ಹಳೇದೇನೋ ಹೋಗಾಕತ್ತೈತಿ, ಹೊಸಾದು ಎಲ್ಲೈತೋ."

ಜ್ಯೋತಿ ರಾಯದುರ್ಗದ ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಸುಕ್ಕಿಗೇನಾದರೂ ತಂದುಕೊಡೆಂದು ಬಾಯಿಬಿಟ್ಟು ಕೇಳಿದ್ದವಳು ಓಬಮ್ಮನೇ. ಹೋದ ವರ್ಷ ಗುಡಿಬಂಡೆಯಲ್ಲಿ ಅವಳ ಸ್ವಂತ ಅಕ್ಕ ಲಲಿತಾಳ ಗೃಹಪ್ರವೇಶದ ದಿನ ಪಕ್ಕದ ಮನೆಯಾಕೆ, "ಲಲಿತಾ, ನಿಮ್ಮಮ್ಮನಿಗೆ ಕುರ್ಚಿ ಕೊಡ್ರಮ್ಮ" ಅಂದಿದ್ದಳು. ಲಲಿತಾ ಓಬಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು! ಎಲ್ಲರ ಜೊತೆ ನಕ್ಕು ಆ ಕುರ್ಚಿಯಲ್ಲೇ ಕೂತು ಕಾಫಿ ಕುಡಿದು ಬಂದಿದ್ದಳು ಓಬಮ್ಮ. ಈಗ ಬರುವ ಭಾನುವಾರ ಅಕ್ಕನ ಮಗಳು ಮೌನಿಕಾಳ ನಿಶ್ಚಿತಾರ್ಥ.

"ಮಕ್ಕೊಳ್ಳೋ ಮುಂದ ಹಚ್ಕೋ ಅಂದಿದ್ನಲ್ಲವ್ವ?"

"ಮಕ್ಕೊಳ್ಳೋ ಮುಂದನ ಹಚ್ಚೀನಿ."

"ಯಾವಾಗ?"

"ಬೆಳಿಗ್ಗಿ. ಮತ್ಯಾವಾಗ ಮಕ್ಕೊಂತೀನಿ ನಾನು?"

ಜ್ಯೋತಿ ಹಣೆ ಹಿಡಿದುಕೊಂಡು ಕೂತಳು. ಹೌದಲ್ಲ, ಈ ತಿಂಗಳು ಪೂರ್ತಿ ಕುರಿಗಳನ್ನು ಗೊಬ್ಬರಕ್ಕೆಂದು ಸುಂಕಪ್ಪನ ಹೊಲದಲ್ಲಿ ರಾತ್ರಿ ತರುಬಿ ನಿಲ್ಲಿಸುತ್ತಿದ್ದರು. ಕಳ್ಳರು, ತೋಳಗಳ ಭಯಕ್ಕೆ ಓಬಮ್ಮ ರಾತ್ರಿಯೆಲ್ಲ ಕಾವಲು. ಬೆಳಿಗ್ಗೆ ಬಂದು ರೊಟ್ಟಿ ತಿಂದು, ಶಿಸ್ತಾಗಿ ಕ್ರೀಮು ಹಚ್ಚಿಕೊಂಡು ಬೇವಿನ ಮರದಡಿ ಮಲಗುವುದು. ನೆರಳು ಸರಿದರೂ ಎಚ್ಚರವಿಲ್ಲ. ಮಧ್ಯಾಹ್ನ ಎದ್ದು ಮತ್ತೆ ಕುರಿಗಳ ಹಿಂದೆ ಬಿಸಿಲಿಗೆ.

"ಅದರಾಗ ರೆಟಿನಾಲ್ ಐತವ್ವ. ಅದನ್ನ ಹಚ್ಚಿದ ಚರ್ಮ ಬಿಸಿಲು ತಡಿಯಂಗಿಲ್ಲ. ಅದಕ ರಾತ್ರಿ ಹಚ್ಚಿ, ಹಗಲು ಸನ್‌ಸ್ಕ್ರೀನ್ ಬಳ್ಕೊಂತಾರ."

"ಕುರಿ ಕಾಯೋರಿಗೆ ಅಂತ ಬ್ಯಾರೆ ಡಬ್ಬಿ ಇಲ್ಲೇನು ನಿಮ್ಮಂಗಡ್ಯಾಗ?"

ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ ಗಂಡ ಬೊಮ್ಮಪ್ಪ ಕೆಮ್ಮುತ್ತಲೇ ನಕ್ಕ. "ಹೊಸಾ ಹೆಂಡ್ತಿ ಬರ್ತಾಳಂತ ನಾನೂ ಕಾಯಾಕತ್ತಿದ್ನಿ."

"ಸುಮ್ಕಿರು ನೀನು. ಈ ಮುಖ ಹೊತ್ಕೊಂಡು ನಾ ಬರಾದಿಲ್ಲ. ನೀವಿಬ್ರೇ ಹೋಗಿ ಬರ್ರಿ."

ಅವಳು ಹಾಗಂದದ್ದು ತಮಾಷೆಗಲ್ಲ. ಆದರೆ ಜ್ಯೋತಿ ಗುಡಿಬಂಡೆಗೆ ಫೋನು ಮಾಡಿಬಿಟ್ಟಿದ್ದಳು. ಸಂಜೆಗೇ ಆ ಕಡೆಯಿಂದ ಮೌನಿಕಾಳ ದನಿ ಬಂತು: "ಚಿಕ್ಕಮ್ಮ, ನೀನು ಬರ್ಲಿಲ್ಲಾಂದ್ರೆ ನಾನು ಉಂಗುರಕ್ಕೆ ಕೈನೇ ಕೊಡಲ್ಲ, ನೋಡ್ಕ!" ಚಿಕ್ಕಂದಿನಲ್ಲಿ ಓಬಮ್ಮನ ಸೊಂಟ ಬಿಟ್ಟು ಇಳಿಯದೆ ಬೆಳೆದ ಹುಡುಗಿ. "ಬರ್ತೀನಿ ಬಿಡವ್ವ" ಅಂದಳು ಓಬಮ್ಮ.

ಭಾನುವಾರ ಮುಖಕ್ಕೆ ಬರೀ ವ್ಯಾಸಲೀನ್ ಬಳಿದುಕೊಂಡು, ಕೊಡೆ ಹಿಡಿದು ಗುಡಿಬಂಡೆಯಲ್ಲಿ ಆಟೋ ಇಳಿದಳು. ಶಾಮಿಯಾನದಲ್ಲಿ ಹಿಂದಿನ ಸಾಲು ಹುಡುಕಿ ಕೂತಳು. ಫೋಟೊದವನ ಕಣ್ಣು ಅಲ್ಲಿಗೂ ಬಿತ್ತು.

"ಅಜ್ಜೀ, ನೀವೂ ಬನ್ನಿ, ಹುಡುಗಿ ಪಕ್ಕ ನಿಂತ್ಕೊಳ್ಳಿ."

ಓಬಮ್ಮ ಏಳಲಿಲ್ಲ. ಕಾಲಿನ ಬೆರಳುಗಳನ್ನೇ ನೋಡುತ್ತಿದ್ದಳು.

"ಯಾವ ಅಜ್ಜಿ ಕಣಣ್ಣ? ಅವ್ಳು ನಮ್ಮ ಚಿಕ್ಕಮ್ಮ!" ಮೌನಿಕಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ವರನ ಕಡೆಯವರನ್ನೆಲ್ಲ ದಾಟಿಕೊಂಡು ತಾನೇ ಬಂದಳು. ಕೈ ಹಿಡಿದು ಎಬ್ಬಿಸಿ, ಎಲ್ಲರೆದುರು ಕೆನ್ನೆಗೆ ಕೆನ್ನೆ ಒತ್ತಿದಳು.

"ಏ, ಬ್ಯಾಡವ್ವ, ಮುಖದ ತುಂಬ ಎಣ್ಣಿ ಜಿಡ್ಡು. ನಿನ್ನ ಬಣ್ಣ ಹೋಗ್ತೈತಿ!"

"ಹೋದ್ರೆ ಹೋಗ್ಲಿ. ಅಣ್ಣ, ಹೊಡಿ ಫೋಟೊ."

ಅದ್ಯಾಕೋ ಓಬಮ್ಮನಿಗೆ ನಗು ಬಂತು. ತಡೆಯಲಾಗದೆ ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಫ್ಲಾಶು ಬೆಳಗಿತು.

ಊಟದ ಪಂಕ್ತಿಯಲ್ಲಿ ಜ್ಯೋತಿ ಕರ್ಚೀಫು ಚಾಚಿದಳು. "ಅವ್ವ, ಕೆನ್ನಿ ಮ್ಯಾಲೆ ಮೌನಿಕಾನ ಪೌಡ್ರು ಮೆತ್ತೈತಿ ನೋಡು, ಗುಲಾಬಿ ಬಣ್ಣದ್ದು."

ಓಬಮ್ಮ ಕರ್ಚೀಫು ಇಸಿದುಕೊಂಡು ಕತ್ತಿನ ಬೆವರು ಒರೆಸಿಕೊಂಡಳು. ಹಣೆಯದನ್ನೂ ಒರೆಸಿಕೊಂಡಳು. ಆಮೇಲೆ ಅದನ್ನು ಮಡಚಿ ತೊಡೆಯ ಮೇಲಿಟ್ಟು, ಎಲೆಗೆ ಬಡಿಸಿದ ಪಾಯಸಕ್ಕೆ ಕೈ ಹಾಕಿದಳು.