ತಲೆಮರೆಸಿಕೊಂಡ ತುಂಗಾ

ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಬೇರೆ ಹೆಸರುಗಳಿವೆಯೇ?’ ಎಂಬ ಪ್ರಶ್ನೆಗೆ ಲೋಕವೆಲ್ಲ ‘ಇಲ್ಲ’ ಎಂದು ಗೀಚಿ ಸುಖವಾಗಿರುತ್ತದೆ. ಬೆಸೆಂಟ್ ನಗರದ ಜಯಲಕ್ಷ್ಮೀ ಅರವತ್ತೆಂಟಾದರೂ ಸುಳ್ಳು ಕಲಿಯಲಿಲ್ಲ. ‘ಹೌದು, ತುಂಗಾ’ ಎಂದು ಬರೆದುಬಿಟ್ಟರು. ಕೌಲಾಲಂಪುರದಲ್ಲಿ ತಂಗಿ ಸುಮತಿಗೆ ಬರುವ ಬುಧವಾರ ಹೃದಯದ ಆಪರೇಷನ್. ಅಷ್ಟರೊಳಗೆ ಹೋಗಿ ಅವಳ ಕೈ ಹಿಡಿದು ಕೂರಬೇಕು, ಅಷ್ಟೇ ಆಸೆ.

ಎಲ್ಲೇ ಬಾಂಬಿನ ಪುಕಾರು ಎದ್ದರೂ ಮೊದಲು ಸಿಕ್ಕಿಬೀಳುವವರು ಸತ್ಯವಂತರು. ಸಬ್ ಇನ್ಸ್‌ಪೆಕ್ಟರ್ ಬಾಬು ವಿಚಾರಣೆಗೆ ಮನೆಗೇ ಬಂದರು. ತಮಿಳು ಪೊಲೀಸಾದರೂ ಹೊಸೂರಿನವರು, ಕನ್ನಡ ಬರುತ್ತಿತ್ತು, ಕನಿಕರ ರಜೆಯಲ್ಲಿತ್ತು.

“ಯಾರಮ್ಮಾ ಈ ತುಂಗಾ?”

“ನಾನೇಪ್ಪಾ. ಮದುವೇಲಿ ಹೆಸರು ಬದಲಾಯಿಸಿದ್ರು.”

“ನಮ್ಮಲ್ಲಿ ಅದು ವಳಕ್ಕಂ ಸಾರ್, ವಾಡಿಕೆ,” ಎಂದರು ಗಂಡ ವಿಷ್ಣುತೀರ್ಥ. “ತಟ್ಟೇಲಿ ಅಕ್ಕಿ ಹರಡಿ, ಉಂಗುರದಿಂದ ಹೆಂಡ್ತಿಗೆ ಹೊಸ ಹೆಸರು ಬರೀತೀವಿ. ನಾನೇ ಬರೆದೆ.”

“ಎಲ್ಲಿ ಆ ಅಕ್ಕಿ?”

“ಎಪ್ಪತ್ತೆಂಟನೇ ಇಸವೀದು ಸಾರ್. ಪಾಯಸ ಮಾಡಿ ತಿಂದ್ಬಿಟ್ವಿ.”

“ಸಾಕ್ಷ್ಯನಾಶ,” ಎಂದು ಬಾಬು ಬರೆದುಕೊಂಡರು. “ಎರಡು ಹೆಸರು ಇಟ್ಕೊಳೋದು ಟೆರರಿಸ್ಟ್‌ಗಳು, ಗೊತ್ತಾಮ್ಮಾ?”

“ಹಂಗಾದ್ರೆ ನಮ್ಮತ್ತೆ, ಅವರತ್ತೆ, ಎಲ್ರೂ ಅದೇ ಗ್ಯಾಂಗು!”

ಬಾಬು ಪೆನ್ನು ಝಳಪಿಸಿದರು. “ಅವರ ಹೆಸರು ಹೇಳಿ.”

“ಯಾವ್ದು ಬೇಕಪ್ಪಾ, ಹಳೇದಾ ಹೊಸದಾ?”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಸುಮತಿ: “ತುಂಗಕ್ಕಾ, ಯಾವಾಗ್ ಬರ್ತೀಯೇ? ಭಯ ಆಗತ್ತೆ.”

ಬಾಬು ಫೋನ್ ಕಸಿದುಕೊಂಡರು. “ಮೇಡಂ, ಪೊಲೀಸ್ ಮಾತಾಡ್ತಿರೋದು. ತುಂಗಾ ಎಲ್ಲಿದಾಳೆ?”

“ಅಲ್ಲೇ, ನಿಮ್ಮ ಪಕ್ಕದಲ್ಲೇ ಇದಾಳಲ್ರೀ!”

ಬಾಬು ಬೆಚ್ಚಿ ಹಿಂದಕ್ಕೆ ತಿರುಗಿದರು. ಬಾಗಿಲು ಹಾಕಿಸಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಉಪ್ಪಿನಕಾಯಿ ಭರಣಿಗಳು ಮಾತ್ರ ಅಡಗಿದ್ದವು.

ಹುಟ್ಟಿದಾಗಿನಿಂದ ಅಕ್ಕನನ್ನು ಬಲ್ಲ ಒಬ್ಬಳೇ ಒಬ್ಬ ಸಾಕ್ಷಿ ವರದಿಯಲ್ಲಿ ‘ವಿದೇಶಿ ಸಂಪರ್ಕ’ ಆದಳು. ಉಳಿದದ್ದು ಹೀಗಿತ್ತು: ‘ತುಂಗಾ ಎಂಬಾಕೆ 1978ರಿಂದ ತಲೆಮರೆಸಿಕೊಂಡಿದ್ದಾಳೆ. ಪತ್ತೆಯಾಗುವವರೆಗೆ ಜಯಲಕ್ಷ್ಮೀಯವರಿಗೆ ಪಾಸ್‌ಪೋರ್ಟ್ ಕೊಡಲಾಗದು.’

“ಬೇಗ ಹುಡುಕಿಕೊಡಿಮ್ಮಾ, ನಿಮಗೇ ಒಳ್ಳೇದು,” ಎಂದು ಬಾಬು ಕಾಫಿ ಮುಗಿಸಿ ಹೊರಟರು. ದೇಶ ಅಂದಿನ ಮಟ್ಟಿಗೆ ಬಚಾವಾಯಿತು.

ಜಯಲಕ್ಷ್ಮೀ ಫೋನ್ ಎತ್ತಿಕೊಂಡರು. ತಂಗಿಯ ನಂಬರು ಒತ್ತಿದರು.

“ಸುಮತೀ, ಬುಧವಾರ ನಾನು ಬರಕ್ಕಾಗಲ್ಲ ಕಣೇ. ಹೆದರ್ಕೋಬೇಡ. ಆಸ್ಪತ್ರೇಲಿ ಹೆಸರು ಕೇಳಿದ್ರೆ ಒಂದೇ ಹೇಳು. ನಿನ್ ಗಂಡ ಅಕ್ಕಿ ಮೇಲೆ ಬರೆದಿದ್ದನ್ನ ಮಾತ್ರ ಬಾಯಿ ಬಿಡಬೇಡ.”