ತೇವದ ಅಂಕಿ

ಟಿಕ್. ರಾತ್ರಿ ಎರಡೂವರೆಗೆ, ಬಾಯ್ಲರಿನ ಒಲೆಯ ಜ್ವಾಲೆ ತೋರಿಸುವ ಫಲಕದಿಂದ ಬಂದ ಆ ಸಣ್ಣ ಸದ್ದು ನನಗೊಬ್ಬಳಿಗೇ ಕೇಳಿಸಿತೇನೋ. ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಉಳಿದವರೆಲ್ಲ ಮುಖ್ಯ ಎಂಜಿನಿಯರರ ಮಾತಿಗೆ ಕಿವಿಗೊಟ್ಟಿದ್ದರು.

"ಎಣ್ಣೆ ಸುಡದೆ, ಬರೀ ಕಲ್ಲಿದ್ದಲಲ್ಲೇ ಉತ್ಪಾದನೆನ ಮೂವತ್ತೈದು ಪರ್ಸೆಂಟಿಗೆ ಇಳಿಸ್ತೀವಿ," ಎಂದು ಹೆಡ್ ಆಫೀಸಿನಿಂದ ಬಂದಿದ್ದ ಮೂವರಿಗೆ ವಿವರಿಸುತ್ತಿದ್ದರು. "ಬೇಡಿಕೆ ಬಿದ್ರೆ ಇಳಿಯುತ್ತೆ, ಎದ್ರೆ ಏರುತ್ತೆ. ಎಲ್ಲ ಕಂಪ್ಯೂಟರೇ ಮಾಡುತ್ತೆ, ನನ್ನ ಪ್ರೋಗ್ರಾಮು."

ಮೂರು ವರ್ಷ ಕೂತು ಅದನ್ನು ಬರೆದವಳು ನಾನು. ಹೆಡ್ ಆಫೀಸಿಗೆ ಹೋದ ವರದಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಕೇಳಿದ್ದಕ್ಕೆ, "ನೀನು ಟೈಪ್ ಮಾಡಿದ್ದಮ್ಮಾ, ಅಷ್ಟೇ," ಎಂದು ನಕ್ಕಿದ್ದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಒಲೆಗೆ ಕಲ್ಲಿದ್ದಲು ಒಯ್ಯುವ ಬೆಲ್ಟು ತೂಕ ನೋಡುತ್ತದೆ, ಅದರಲ್ಲಿ ನೀರೆಷ್ಟು ಎಂದು ನೋಡುವುದಿಲ್ಲ. ತೇವ ಹೆಚ್ಚಿದಷ್ಟೂ ಹೆಚ್ಚು ಕಲ್ಲಿದ್ದಲು ಬೇಕು, ಇಲ್ಲದಿದ್ದರೆ ಬೆಂಕಿ ನಿಲ್ಲದು; ಅದಕ್ಕೇ ದಿನಾ ಲ್ಯಾಬಿನಿಂದ ತೇವದ ಅಂಕಿ ತಂದು ಪ್ರೋಗ್ರಾಮಿಗೆ ಕೊಡಬೇಕು. ಸದ್ದಿಲ್ಲದೆ ನಾನೇ ಕೊಡುತ್ತ ಬಂದಿದ್ದೆ. ಇಂದು ಲ್ಯಾಬಿನವರು ಹದಿನೆಂಟು ಎಂದು ಬರೆದುಕೊಟ್ಟಿದ್ದರು. ಪರದೆಯ ಮೇಲೆ ನಿನ್ನೆಯ ಎಂಟೇ ಇತ್ತು. ನಾನು ಮುಟ್ಟಲಿಲ್ಲ.

"ಸಾರ್, ಬೆಂಕಿ ಯಾಕೋ ತಡವರಿಸ್ತಿದೆ," ಎಂದರು ಪ್ಯಾನೆಲ್ ಮುಂದಿದ್ದ ಹಿರಿಯ ಆಪರೇಟರ್. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. "ಬೆಂಕಿ ನಿಲ್ಲೋಕೆ ಎಣ್ಣೆ ಬಿಡ್ಲಾ?"

"ಕೈ ಹಾಕ್ಬೇಡ. ಅದೇ ಸರಿ ಮಾಡ್ಕೊಳ್ಳುತ್ತೆ."

ಆ ಮೂವರಿಗೂ ಇದು ಕೇಳಿಸಿತೇ ಎಂದು ಒಬ್ಬೊಬ್ಬರ ಮುಖ ನೋಡಿದೆ. ಕೇಳಿಸಿತ್ತು. ಇನ್ನು ತಪ್ಪನ್ನು ಅಣ್ಣನ ತಲೆಗೆ ಕಟ್ಟಲಾಗದು.

ನಾಲ್ಕು ನಿಮಿಷದಲ್ಲಿ ಬೆಂಕಿ ಆರಿತು. ಸುರಕ್ಷಾ ವ್ಯವಸ್ಥೆ ಇಂಧನ ನಿಲ್ಲಿಸಿತು. ಟರ್ಬೈನಿನ ಮೊರೆತ ಕುಗ್ಗುತ್ತಾ ಹೋಯಿತು. ಮುಖ್ಯ ಎಂಜಿನಿಯರು ಇಂಗು ತಿಂದ ಮಂಗನಂತಾಗಿದ್ದರು.

"ಏನಮ್ಮಾ ಇದು? ಏನಾಯ್ತು?"

"ನಂಗೇನ್ ಗೊತ್ತು ಸಾರ್? ಪ್ರೋಗ್ರಾಮ್ ನಿಮ್ದಲ್ವಾ?"

ನನ್ನ ಹೊಟ್ಟೆ ತಣ್ಣಗಾಯಿತು.

ಹೆಡ್ ಆಫೀಸಿನ ಹಿರಿಯರು ಮುಖ್ಯ ಎಂಜಿನಿಯರರ ಕಡೆ ತಿರುಗಿ ಕನ್ನಡಕ ತೆಗೆದರು. "ನಾಳೆ ನೀವು ಬಂದು ವಿವರಣೆ ಕೊಡಿ. ಈ ಪ್ರೋಗ್ರಾಮನ್ನ ಇವತ್ತೇ ತೆಗೆದುಹಾಕಿ. ಇನ್ಮೇಲೆ ಯಾರೂ ಇದರ ಮಾತೆತ್ತೋದು ಬೇಡ."

ಇದನ್ನು ನಾನು ಎಣಿಸಿರಲಿಲ್ಲ. ತೇವದ ಅಂಕಿಯ ಬಗ್ಗೆ ಒಂದೇ ಒಂದು ಮಾತು ಆಡಿದ್ದರೆ ಪ್ರೋಗ್ರಾಮು ಉಳಿಯುತ್ತಿತ್ತು. ಆದರೆ ಆ ಮಾತಿನೊಂದಿಗೆ ಮುಖ್ಯ ಎಂಜಿನಿಯರೂ ಉಳಿಯುತ್ತಿದ್ದರು.

"ತಂಗಿ, ನಿಂಗೇನಾದ್ರೂ ಹೊಳೀತಾ?" ಅಣ್ಣ ಮೆಲ್ಲಗೆ ಕೇಳಿದರು.

"ಇಲ್ಲಣ್ಣಾ."

ಮೂರು ವರ್ಷದ ದುಡಿಮೆ ಅವರ ಜೊತೆಗೇ ಮುಳುಗಲಿ. ಅಣ್ಣನಿಗಾಗಲಿ, ಮನೆಯಲ್ಲಿ ಗಂಡನಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿದೆ.